ತಿಪ್ಪೆಯ ಸಾರ ಕೆರೆಗಲ್ಲ, ಹೊಲಕ್ಕೆ ಸೇರಲಿ



ಮಳವಳ್ಳಿ ಕಡೆಯ ಹಳ್ಳಿಯೊಂದಕ್ಕೆ ಚಿಕಿತ್ಸೆಗೆ ಹೋಗಿದ್ದಾಗ ಒಬ್ಬ ತಾಯಿ ಕೇಳಿದರು: "ಡಾಕ್ಟ್ರೇ, ನಮ್ಮ ಹಸ ಕೆರೆ ನೀರು ಮೂಸಿ ನೋಡಿ ಹಿಂದಕ್ಕೆ ಬತ್ತದೆ, ಯಾಕೆ?" ಹೋಗಿ ನೋಡಿದರೆ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ. ಕೆರೆಗೆ ನೀರು ಬರುವ ಹಳ್ಳದ ಪಕ್ಕದಲ್ಲೇ ಸಾಲು ತಿಪ್ಪೆಗಳು.

ಮೇವು, ಬೂಸಾ, ಖನಿಜ ಮಿಶ್ರಣದಿಂದ ಹಸುವಿಗೆ ರಂಜಕ ಸಿಗುತ್ತದೆ. ಹಾಲಿಗೂ ಗರ್ಭ ಕಟ್ಟುವುದಕ್ಕೂ ಅದು ಬೇಕೇ ಬೇಕು. ಮೈಗೆ ಹತ್ತದೆ ಉಳಿದದ್ದು ಬಹುಪಾಲು ಸಗಣಿಯಲ್ಲಿ ಹೊರಬರುತ್ತದೆ. ಹೊಲದಲ್ಲಿ ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಜೋರು ಮಳೆ ಬಂದಾಗ ಮಣ್ಣಿನ ಜೊತೆಗೇ ಕೊಚ್ಚಿಹೋಗುತ್ತದೆ. ತಿಪ್ಪೆಯಿಂದ ಇಳಿಯುವ ಕಂದು ನೀರಿನಲ್ಲೂ ಅದು ಕರಗಿರುತ್ತದೆ. ಹೀಗೆ ಹಳ್ಳ, ಕೆರೆ ದಾಟಿ ಶಿಂಷೆಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಊರಿನ ಚರಂಡಿ ನೀರು, ಸೋಪಿನ ನೊರೆ, ರಾಸಾಯನಿಕ ಗೊಬ್ಬರವೂ ಇದಕ್ಕೆ ಕೂಡಿಕೊಳ್ಳುತ್ತವೆ.

ರಂಜಕ ಸಿಕ್ಕರೆ ಪಾಚಿ, ಅಂತರಗಂಗೆ ಹುಲುಸಾಗಿ ಬೆಳೆಯುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಕೆಲವು ನೀಲಿ-ಹಸಿರು ಪಾಚಿಗಳು ವಿಷಕಾರಿ. ಆ ನೀರು ಕುಡಿದ ದನಕ್ಕೆ ನಡುಕ, ನಿಶ್ಶಕ್ತಿ, ಯಕೃತ್ತಿಗೆ ಹಾನಿ ಆಗಬಹುದು, ಒಮ್ಮೊಮ್ಮೆ ದಿಢೀರ್ ಸಾವೂ ಸಂಭವಿಸಬಹುದು. ಹಸಿರುಗಟ್ಟಿದ ನೀರನ್ನು ಕುಡಿಸಬೇಡಿ. ಕುಡಿದಿದೆ ಎಂಬ ಅನುಮಾನ ಬಂದರೆ ತಡಮಾಡದೆ ವೈದ್ಯರನ್ನು ಕರೆಸಿ.

ಇದರಲ್ಲಿ ನಿಮ್ಮ ದುಡ್ಡೂ ಇದೆ. 50 ಕೆ.ಜಿ. ಡಿಎಪಿ ಮೂಟೆಯಲ್ಲಿ ರಂಜಕಾಂಶ 23 ಕೆ.ಜಿ. ಸುಮಾರು 10 ಟನ್ ಕೊಟ್ಟಿಗೆ ಗೊಬ್ಬರದಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಮಳೆಗೆ ತೊಳೆದುಹೋದದ್ದನ್ನು ಮತ್ತೆ ಅಂಗಡಿಯಿಂದ ಕೊಂಡು ತರುತ್ತೇವೆ.

ಮುಂಗಾರಿಗೆ ಮೊದಲು ಇಷ್ಟು ಮಾಡಿ:

• ತಿಪ್ಪೆಯನ್ನು ಹಳ್ಳ, ನಾಲೆ, ಬಾವಿಯಿಂದ ದೂರ, ಎತ್ತರದ ಜಾಗದಲ್ಲಿ ಹಾಕಿ. ಸುತ್ತ ಸಣ್ಣ ಬದು ಕಟ್ಟಿ, ಮೇಲೆ ಕಬ್ಬಿನ ತರಗು ಮುಚ್ಚಿ.

• ಕೊಟ್ಟಿಗೆ ತೊಳೆದ ನೀರನ್ನು ಚರಂಡಿಗೆ ಬಿಡದೆ ನೇಪಿಯರ್ ಹುಲ್ಲಿಗೆ ಹಾಯಿಸಿ.

• ಹೊಲದಲ್ಲಿ ಗೊಬ್ಬರವನ್ನು ಗುಡ್ಡೆ ಹಾಕಿ ವಾರಗಟ್ಟಲೆ ಬಿಡಬೇಡಿ. ಹರಡಿದ ದಿನವೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ಜೋರು ಮಳೆ ಬರುವ ಸೂಚನೆ ಇದ್ದರೆ ಹರಡಬೇಡಿ.

• ನೀರು ಹರಿದುಹೋಗುವ ಕಡೆಯ ಬದುವಿನ ಮೇಲೆ ಮೇವಿನ ಹುಲ್ಲು ಬೆಳೆಸಿ. ಮಣ್ಣು ಅಲ್ಲೇ ನಿಲ್ಲುತ್ತದೆ, ದನಕ್ಕೆ ಮೇವೂ ಸಿಗುತ್ತದೆ.

• ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಸಾಕಷ್ಟಿದ್ದರೆ ಶಿಫಾರಸಿನಂತೆ ಡಿಎಪಿ ಕಡಿಮೆ ಮಾಡಿ.

• ಖನಿಜ ಮಿಶ್ರಣ ನಿಲ್ಲಿಸಬೇಡಿ, ಹೇಳಿದ ಅಳತೆಯಷ್ಟೇ ಕೊಡಿ. ಹೆಚ್ಚು ಹಾಕಿದರೆ ಹಾಲು ಹೆಚ್ಚುವುದಿಲ್ಲ, ಸಗಣಿಗೆ ಹೋಗುತ್ತದೆ.

ಒಬ್ಬರ ತಿಪ್ಪೆ ಸರಿಯಾದರೆ ಕೆರೆ ತಿಳಿಯಾಗದು. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿ. ಹಳ್ಳದ ಪಕ್ಕ ಯಾರ ಯಾರ ತಿಪ್ಪೆ ಇದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಎಲ್ಲರೂ ಕೂಡಿ ಒಂದೇ ಬೇಸಿಗೆಯಲ್ಲಿ ಅವನ್ನು ಮೇಲಕ್ಕೆ ಸಾಗಿಸಬಹುದು.