ತಿರುವಿನಲ್ಲಿ ಆಯಿಲ್ ಕಾಯುವ ಕಸುಬು

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಇದೆ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಸ್ವಂತ ಕಾರನ್ನು ಮನಸಾರೆ ಓಡಿಸುವ ಆಸೆಯಿಂದ ಬೆಂಗಳೂರಿನ ಕಾರುಪ್ರಿಯರು ಈ ಎರಡೂ ಕಡೆಗೆ ಹೋಗುತ್ತಾರೆ. ಹೊರಡುವ ಮುನ್ನ ಟೈರ್ ಬದಲಾಗುತ್ತದೆ, ಬ್ರೇಕ್ ಪ್ಯಾಡ್ ಬದಲಾಗುತ್ತದೆ, ಇಂಜಿನ್ ನಿಯಂತ್ರಿಸುವ ಇಸಿಯು ರೀಮ್ಯಾಪ್ ಆಗುತ್ತದೆ. ಇಂಜಿನ್ನಿನ ಅಡಿಯಲ್ಲಿರುವ ಆಯಿಲ್ ಚೇಂಬರ್ ಮಾತ್ರ ಹೆಚ್ಚಿನವರ ನೆನಪಿಗೆ ಬರುವುದಿಲ್ಲ. ಟ್ರ್ಯಾಕ್‌ನಲ್ಲಿ ಒಳ್ಳೆಯ ಇಂಜಿನ್ ಹಾಳಾಗುವುದು ಬಹಳ ಸಲ ಅಲ್ಲಿಂದಲೇ.

ಘಾಟಿಯ ತಿರುವಿನಲ್ಲಿ ಬಸ್ಸು ವಾಲಿದಾಗ ತೊಡೆಯ ಮೇಲಿನ ಪಾತ್ರೆಯ ಸಾರು ಒಂದೇ ಬದಿಗೆ ಏರುತ್ತದಲ್ಲ, ಚೇಂಬರ್‌ನ ಆಯಿಲ್ ಮಾಡುವುದೂ ಅದನ್ನೇ. ದಿನನಿತ್ಯದ ಓಡಾಟದಲ್ಲಿ ತಿರುವಿನ ಬಲ ಗುರುತ್ವದ ಮೂರನೇ ಒಂದು ಪಾಲು ದಾಟುವುದು ಅಪರೂಪ. ಅಷ್ಟಕ್ಕೆ ಆಯಿಲ್‌ನ ಮೇಲ್ಮೈ ಸುಮಾರು 18 ಡಿಗ್ರಿ ವಾಲುತ್ತದೆ. ಅಂಟು ಹಿಡಿತದ ಟೈರ್ ಹಾಕಿ ಟ್ರ್ಯಾಕ್‌ನಲ್ಲಿ ಓಡಿಸಿದರೆ ಆ ಬಲ ಗುರುತ್ವಕ್ಕೆ ಸಮನಾಗುತ್ತದೆ, ಆಯಿಲ್ 45 ಡಿಗ್ರಿ ವಾಲಿ ಚೇಂಬರ್‌ನ ಗೋಡೆ ಹತ್ತುತ್ತದೆ. ಪಂಪಿಗೆ ಆಯಿಲ್ ಎಳೆದುಕೊಡುವ ಪಿಕಪ್ ಕೊಳವೆಯ ಬಾಯಿ ಆಗ ಬರಿದಾಗಿ, ಪಂಪು ಗಾಳಿ ಎಳೆಯುತ್ತದೆ. ಇದನ್ನೇ ಆಯಿಲ್ ಸರ್ಜ್ ಎನ್ನುವುದು.

ಇಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಗೂ ಅದರ ಬೇರಿಂಗ್‌ಗೂ ನಡುವಿನ ಸಂದು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಆ ಸಂದಿನಲ್ಲಿ ಒತ್ತಡದಿಂದ ನಿಂತ ಆಯಿಲ್ ಪದರದ ಮೇಲೆಯೇ ಕ್ರ್ಯಾಂಕ್ ತಿರುಗುತ್ತದೆ. 6,000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 100 ಸುತ್ತು. ಎರಡು ಸೆಕೆಂಡು ಆಯಿಲ್ ತಪ್ಪಿತೆಂದರೆ 200 ಸುತ್ತು ಲೋಹಕ್ಕೆ ಲೋಹ ಉಜ್ಜುವ ಅಪಾಯ. ತಿರುವು ಮುಗಿದೊಡನೆ ಒತ್ತಡ ಮರಳುವುದರಿಂದ ಚಾಲಕನಿಗೆ ಏನೂ ಗೊತ್ತಾಗುವುದಿಲ್ಲ. ಟ್ರ್ಯಾಕ್‌ನ ಪ್ರತಿ ಸುತ್ತಿನಲ್ಲೂ ಬೇರಿಂಗ್ ಒಂದಿಷ್ಟು ಸವೆದು, ಮುಂದೊಂದು ದಿನ ಇಂಜಿನ್ ಟಕಟಕ ಎನ್ನತೊಡಗುತ್ತದೆ. ಅಷ್ಟು ಹೊತ್ತಿಗೆ ಕ್ರ್ಯಾಂಕ್ ಮೇಲೂ ಗೀರು ಬಿದ್ದಿರುತ್ತದೆ. ಎಂಬತ್ತರ ದಶಕದ ಪೋರ್ಷೆ 944 ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸುವವರು ಎರಡನೇ ಸಿಲಿಂಡರಿನ ರಾಡ್ ಬೇರಿಂಗ್ ಬಗ್ಗೆ ಇವತ್ತಿಗೂ ಎಚ್ಚರದಿಂದಿರುವುದು ಇದೇ ಕಾರಣಕ್ಕೆ.

ಎಲ್ಲ ತಿರುವೂ ಒಂದೇ ಅಲ್ಲ. ಚಿಕ್ಕ ತಿರುವಿನಲ್ಲಿ ಆಯಿಲ್ ಬದಿಗೆ ಸರಿಯುವುದರೊಳಗೆ ಕಾರು ನೇರವಾಗಿರುತ್ತದೆ. ಉದ್ದನೆಯ, ವೇಗದ ತಿರುವೇ ಇಂಜಿನ್ನಿಗೆ ಕಷ್ಟ. ಪಿಕಪ್ ಯಾವ ಬದಿಗಿದೆ ಎನ್ನುವುದರ ಮೇಲೆ ಕೆಲವು ಇಂಜಿನ್‌ಗಳಿಗೆ ಬಲ ತಿರುವು ಆಗದು, ಕೆಲವಕ್ಕೆ ಎಡ ತಿರುವು ಆಗದು. ಬ್ರೇಕ್ ಒತ್ತಿಕೊಂಡೇ ತಿರುಗಿಸಿದರೆ ಆಯಿಲ್ ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ಓಡುತ್ತದೆ. ಸಿಲಿಂಡರ್‌ಗಳು ಎರಡೂ ಬದಿಗೆ ಅಡ್ಡಲಾಗಿ ಮಲಗಿರುವ ಬಾಕ್ಸರ್ ಇಂಜಿನ್‌ಗಳಲ್ಲಿ ಆಯಿಲ್ ಹೊರಬದಿಯ ಸಿಲಿಂಡರ್ ಹೆಡ್‌ಗೆ ಹೋಗಿ ಅಲ್ಲಿಯೇ ನಿಂತುಬಿಡುವುದುಂಟು.

ತಡೆಯುವ ಕೆಲಸ ಶುರುವಾಗುವುದು ಡಿಪ್‌ಸ್ಟಿಕ್‌ನಿಂದ. ಸಮನೆಲದಲ್ಲಿ ನಿಲ್ಲಿಸಿ, ಆಯಿಲ್ ಮೇಲಿನ ಗುರುತಿನವರೆಗೆ ಇರುವಂತೆ ನೋಡಿಕೊಳ್ಳಬೇಕು. ಇನ್ನೂ ಇರಲಿ ಎಂದು ಮನಬಂದಂತೆ ಸುರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿರುವುದೂ ಗಾಳಿಯೇ.

ಕಸುಬುದಾರನ ಕೈ ಕಾಣುವುದು ಮುಂದಿನ ಹಂತದಲ್ಲಿ, ಬ್ಯಾಫಲ್ ಕಟ್ಟುವಾಗ. ಚೇಂಬರ್ ಇಳಿಸಿ, ತೊಳೆದು, ಪಿಕಪ್ ಬಾಯಿ ಕೂರುವ ಜಾಗದ ಸುತ್ತ ತಗಡಿನ ಗೋಡೆ ಎಬ್ಬಿಸಿ ಪೆಟ್ಟಿಗೆ ಮಾಡುತ್ತಾರೆ. ಆ ಗೋಡೆಗಳಲ್ಲಿ ಕೀಲಿನ ಮೇಲೆ ಆಡುವ ಪುಟ್ಟ ಬಾಗಿಲುಗಳಿರುತ್ತವೆ. ಅವು ತೆರೆಯುವುದು ಒಳಮುಖವಾಗಿ ಮಾತ್ರ. ಆಯಿಲ್ ಒಳಗೆ ಬರಲು ನೂಕಿದರೆ ಬಾಗಿಲು ದಾರಿ ಬಿಡುತ್ತದೆ, ಹೊರಗೆ ಓಡಲು ನೂಕಿದರೆ ಅದೇ ನೂಕಿಗೆ ಮುಚ್ಚಿಕೊಳ್ಳುತ್ತದೆ. ಮೇಲುಗಡೆಗೊಂದು ತಗಡು ಹೊದಿಸಿದರೆ ಆಯಿಲ್ ಗೋಡೆ ಹತ್ತಿ ಕ್ರ್ಯಾಂಕ್‌ಗೆ ತಗಲುವುದೂ ನಿಲ್ಲುತ್ತದೆ. ಪಿಕಪ್ ಬಾಯಿಗೂ ತಳಕ್ಕೂ ನಡುವಿನ ಅಂತರವನ್ನು ಮತ್ತೆ ಅಳೆಯಬೇಕು. ವೆಲ್ಡಿಂಗ್‌ನ ಒಂದು ಕಿಟ್ಟದ ಚೂರೂ ಒಳಗೆ ಉಳಿಯಬಾರದು. ಬೆರಳಲ್ಲಿ ಒತ್ತಿ ಬಿಟ್ಟರೆ ಪ್ರತಿ ಬಾಗಿಲೂ ತಾನಾಗಿ ಮುಚ್ಚಬೇಕು. ಚೇಂಬರ್ ಮತ್ತೆ ಮೇಲೇರುವುದು ಇಷ್ಟೆಲ್ಲ ಆದ ಮೇಲೆ.

ಬ್ಯಾಫಲ್ ಸಾಲದಿದ್ದರೆ ಆಯಿಲ್ ಅಕ್ಯುಮುಲೇಟರ್ ಇದೆ. ಅಮೆರಿಕದಲ್ಲಿ ಅಕ್ಯುಸಂಪ್ ಎಂಬ ಹೆಸರಿನಿಂದ ಪರಿಚಿತವಾದ ಇದು ಒಂದು ಸಿಲಿಂಡರ್. ಒಳಗಿನ ಪಿಸ್ಟನ್ನಿನ ಒಂದು ಬದಿಗೆ ಒತ್ತಡದ ಗಾಳಿ, ಇನ್ನೊಂದು ಬದಿಗೆ ಇಂಜಿನ್ನಿನ ಆಯಿಲ್. ಒತ್ತಡ ಕುಸಿದ ಕ್ಷಣವೇ ಗಾಳಿ ಪಿಸ್ಟನ್ನನ್ನು ತಳ್ಳಿ ಆಯಿಲನ್ನು ಬೇರಿಂಗ್‌ಗಳಿಗೆ ಕಳಿಸುತ್ತದೆ.

ಕೊನೆಯ ಮತ್ತು ದುಬಾರಿ ದಾರಿ ಡ್ರೈ ಸಂಪ್. ಇಲ್ಲಿ ಚೇಂಬರ್‌ನಲ್ಲಿ ಆಯಿಲ್ ನಿಲ್ಲುವುದೇ ಇಲ್ಲ. ಕೆಳಗೆ ಬಿದ್ದದ್ದನ್ನು ಪಂಪುಗಳು ಎಳೆದು ಬೇರೊಂದು ಎತ್ತರದ ಟ್ಯಾಂಕಿಗೆ ತುಂಬುತ್ತವೆ. ಅಲ್ಲಿ ಗಾಳಿ ಬೇರ್ಪಟ್ಟ ಮೇಲೆ ತಳದಿಂದ ಒತ್ತಡದ ಪಂಪಿಗೆ ಆಯಿಲ್ ಸಿಗುತ್ತದೆ. ಚೇಂಬರ್ ತೆಳ್ಳಗಾಗುವುದರಿಂದ ಇಂಜಿನ್ನನ್ನೂ ತಗ್ಗಿಸಿ ಕೂರಿಸಬಹುದು. 1954ರ ಮರ್ಸಿಡಿಸ್ 300 ಎಸ್‌ಎಲ್ ಹಾಗೂ ಮೊದಲ ಪೋರ್ಷೆ 911 ಕಾರುಗಳು ಕಾರ್ಖಾನೆಯಿಂದಲೇ ಹೀಗೆ ಬಂದವು, 2006ರ ಕಾರ್ವೆಟ್ ಝಡ್06 ಕೂಡ. ನಮ್ಮ ಹಳೆಯ ಬೀಡು ಕಬ್ಬಿಣದ ಇಂಜಿನ್ನಿನ ಬುಲೆಟ್ ಬೈಕಿನಲ್ಲೂ ಇದೇ ತತ್ವವಿತ್ತು. ಆಯಿಲ್ ಕಳಿಸಲು ಒಂದು ಪಂಪು, ಮರಳಿ ತರಲು ಇನ್ನೊಂದು.

ಯಾವ ದಾರಿ ಹಿಡಿದರೂ ಕಣ್ಣಿಡುವುದು ತಪ್ಪದು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುವುದು ಒತ್ತಡ ತೀರ ಕುಸಿದ ಮೇಲೆ. ಆದ್ದರಿಂದ ಆಯಿಲ್ ಒತ್ತಡದ ಮೀಟರ್ ಬೇಕು, ಸಾಧ್ಯವಾದರೆ ತಿರುವಿನ ಬಲವನ್ನೂ ಒತ್ತಡವನ್ನೂ ಒಟ್ಟಿಗೆ ದಾಖಲಿಸುವ ಡೇಟಾ ಲಾಗರ್ ಬೇಕು. ಯಾವ ತಿರುವಿನಲ್ಲಿ ಎಷ್ಟು ಕುಸಿಯಿತೆಂದು ಅದು ತೋರಿಸುತ್ತದೆ. ಟ್ರ್ಯಾಕ್‌ನಿಂದ ಬಂದ ಮೇಲೆ ಹಳೆಯ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿಯಬೇಕು. ಮಡಿಕೆಗಳಲ್ಲಿ ತಾಮ್ರದ ಬಣ್ಣದ ಮಿಂಚು ಕಂಡರೆ ಬೇರಿಂಗ್ ಸವೆಯುತ್ತಿದೆ ಎಂದು ಅರ್ಥ. ಅಲ್ಲಿಯೇ ನಿಲ್ಲಿಸಿದರೆ ಬೇರಿಂಗ್ ಬದಲಿಸಿ ಕ್ರ್ಯಾಂಕ್ ಉಳಿಸಿಕೊಳ್ಳುವ ಅವಕಾಶವಿದೆ.

ಟ್ರ್ಯಾಕ್‌ಗೆ ಕಾರು ಸಿದ್ಧಮಾಡುವವರು ಖರ್ಚಿನ ಪಟ್ಟಿಯನ್ನು ಚೇಂಬರ್‌ನಿಂದಲೇ ಶುರುಮಾಡಲಿ: ಮೊದಲು ಒತ್ತಡದ ಮೀಟರ್, ಆಮೇಲೆ ಬ್ಯಾಫಲ್, ಮೀಟರ್ ಇನ್ನೂ ಕುಸಿತ ತೋರಿಸಿದರೆ ಅಕ್ಯುಮುಲೇಟರ್. ಟೈರಿನ ಹಿಡಿತ ಹೆಚ್ಚಿಸಿದಷ್ಟೂ ಆಯಿಲ್ ಹೆಚ್ಚು ವಾಲುತ್ತದೆ, ಆದ್ದರಿಂದ ಒಳ್ಳೆಯ ಟೈರ್ ಹಾಕಿಸುವ ದಿನವೇ ಚೇಂಬರ್‌ನ ಕೆಲಸವನ್ನೂ ಮಾಡಿಸಬೇಕು. ಇಂಜಿನ್ನಿನ ಶಕ್ತಿ ಹೆಚ್ಚಿಸುವ ಸರದಿ ಅದಾದ ಮೇಲೆ.