ಕಲ್ಯಾಣದಿಂದ ಉಳವಿಗೆ: ವಚನಗಳನ್ನು ಉಳಿಸಿದ ಮಹಾವಲಸೆ

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣಾತೀರದ ಒಂದು ಗ್ರಾಮ. ಕನ್ನಡ ನಾಡಿನ ಅತ್ಯಂತ ರೋಮಾಂಚಕ ವಲಸೆಯ ಕಥೆಯಲ್ಲಿ ಅದರ ಸ್ಥಾನ ಬಲು ದೊಡ್ಡದು. ಜಾತಿ ಮೀರಿದ ಮದುವೆ, ಘೋರ ರಾಜದಂಡನೆ, ಅರಸನ ಕೊಲೆ, ಬೆನ್ನಟ್ಟುವ ಸೈನ್ಯ, ಹೊಳೆ-ಅಡವಿಗಳನ್ನು ದಾಟಿ ಸಾಗುವ ಜನಸ್ತೋಮ. ಭವ್ಯ ಚಲನಚಿತ್ರವೊಂದು ಬೇಡುವ ಸಮಸ್ತವೂ 12ನೆಯ ಶತಮಾನದ ಈ ಕಥಾನಕದಲ್ಲಿದೆ.

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ನಡೆದ ವಿವಾಹ ಸಂಪ್ರದಾಯಸ್ಥರನ್ನು ಕೆರಳಿಸಿತು. ಬೀಗರಿಬ್ಬರಿಗೂ ಅರಸ ಬಿಜ್ಜಳ ಮರಣದಂಡನೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಬಿಜ್ಜಳನ ಹತ್ಯೆಯಾಯಿತು, ಕಲ್ಯಾಣ ರಕ್ತಸಿಕ್ತವಾಯಿತು. ಅದಾಗಲೇ ಬಸವಣ್ಣನವರು ಕೂಡಲಸಂಗಮ ಸೇರಿದ್ದರು. ಅವರು ಹಡಪದ ಅಪ್ಪಣ್ಣನನ್ನು ಕಳುಹಿಸಿ ಪತ್ನಿ ನೀಲಾಂಬಿಕೆಯನ್ನು ಕರೆಸಿಕೊಂಡರು. ಆಕೆ ತಂಗಡಗಿ ತಲುಪುವಷ್ಟರಲ್ಲಿ ಬಸವಣ್ಣನವರು ಲಿಂಗೈಕ್ಯರಾಗಿದ್ದರು. ಕೂಡಲಸಂಗಮದ ದೈವ ಸಂಗಮನಾಥ ಆಚೆಯ ದಡದಲ್ಲಷ್ಟೇ ಇರುವನೇ ಎಂದು ಬಗೆದ ಆ ಶರಣೆ ಹೊಳೆ ದಾಟಲಿಲ್ಲ. ಈ ದಡದಲ್ಲೇ ಐಕ್ಯಳಾದಳು. ಅಪ್ಪಣ್ಣನೂ ಇಲ್ಲಿಯೇ ಬಯಲಾದನೆಂಬುದು ಭಕ್ತರ ನಂಬಿಕೆ.

ಇತ್ತ ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣ, ಸೋದರಿ ಅಕ್ಕನಾಗಮ್ಮರ ನೇತೃತ್ವದಲ್ಲಿ ಶರಣರ ತಂಡವೊಂದು ವಚನಗಳ ಓಲೆಗರಿ ಕಟ್ಟುಗಳನ್ನು ಹೊತ್ತು ಸಹ್ಯಾದ್ರಿಯತ್ತ ನಡೆಯಿತು. ಮಲಪ್ರಭೆಯ ಸೀಮೆಯ ಕಾದರವಳ್ಳಿಯಲ್ಲಿ ಬೆನ್ನಟ್ಟಿದ ಸೈನ್ಯದೊಡನೆ ಕಾಳಗ ನಡೆಯಿತು. ಡೋಹರ ಕಕ್ಕಯ್ಯ ಕಕ್ಕೇರಿಯಲ್ಲಿ ಪ್ರಾಣ ತೆತ್ತನು. ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿ ಬಸವಣ್ಣನವರ ಇನ್ನೊಬ್ಬ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ದಟ್ಟಡವಿಯ ಉಳವಿ ಚೆನ್ನಬಸವಣ್ಣನ ಅಂತಿಮ ನೆಲೆಯಾಯಿತು. ಊರೂರಿನಲ್ಲೂ ಒಬ್ಬೊಬ್ಬ ಶರಣರ ಸಮಾಧಿಯನ್ನುಳಿಸಿ ಮುಂದೆ ಸಾಗಿದ ಇಂಥ ಪಯಣ ಲೋಕದ ಚರಿತ್ರೆಯಲ್ಲೇ ವಿರಳ.

ಕಲ್ಯಾಣದ ಕಥೆ ತೆರೆಗೂ ರಂಗಕ್ಕೂ ಬಂದದ್ದುಂಟು. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನಾಗಿ, ರಾಜ್‌ಕುಮಾರ್ ಬಿಜ್ಜಳನಾಗಿ ಕಾಣಿಸಿಕೊಂಡರು. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕ ಕಲ್ಯಾಣದ ಪತನವನ್ನು ರಂಗಕ್ಕೆ ತಂದು 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆಯಿತು. ರೈಲಿನ ಛಾವಣಿಯೇರಿ ಅಮೆರಿಕದ ಗಡಿಯತ್ತ ಹೊರಟ ವಲಸಿಗರನ್ನೂ ಬೆನ್ನಟ್ಟಿದ ಪಾತಕಿಗಳನ್ನೂ ಚಿತ್ರಿಸಿದ 2009ರ ‘ಸಿನ್ ನೊಂಬ್ರೆ’ ಚಲನಚಿತ್ರ ಜಗತ್ತಿನ ಗಮನ ಸೆಳೆದಿದೆ. ಕಲ್ಯಾಣದಿಂದ ಉಳವಿಯವರೆಗಿನ ಹಾದಿಯೂ ಅಂಥದೇ ಸ್ವತಂತ್ರ ಮಹಾಚಿತ್ರಕ್ಕೆ ಸರ್ವಥಾ ಯೋಗ್ಯ. ಅಲ್ಲಿನವರು ಬದುಕನ್ನರಸಿ ಹೊರಟವರು. ಇಲ್ಲಿನವರು ಪ್ರಾಣವನ್ನು ಪಣವಾಗಿಟ್ಟು ಕಾಪಾಡಿದ್ದು ಅಕ್ಷರವನ್ನು.

ಇಂದು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕೃಷ್ಣೆ ತಂಗಡಗಿಯಲ್ಲಿ ವಿಶಾಲವಾಗಿದ್ದಾಳೆ. ಒಂದು ದಡ ವಿಜಯಪುರ ಜಿಲ್ಲೆಯದು, ಇನ್ನೊಂದು ಬಾಗಲಕೋಟೆಯದು. ಭಕ್ತರಿಗೆ ಎರಡೂ ಒಂದೇ ಕ್ಷೇತ್ರ. ಶತಮಾನಗಳ ತರುವಾಯ ಇದೇ ವಿಜಯಪುರ ಜಿಲ್ಲೆಯನ್ನು ಕರ್ಮಭೂಮಿಯಾಗಿಸಿಕೊಂಡ ಫ.ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ವಚನಗಳು ಇಂದು ಶಾಲೆಯ ಪಠ್ಯದಲ್ಲಿವೆ, ಸಭೆ-ಸಮಾರಂಭಗಳಲ್ಲಿವೆ, ಮಕ್ಕಳ ನಾಲಗೆಯ ಮೇಲಿವೆ. ಆ ಸಂಪತ್ತಿನ ಹಿಂದೆ ಹಳಕಟ್ಟಿಯವರ ತಪಸ್ಸಿದೆ. ಅದಕ್ಕೂ ಹಿಂದೆ, ನೆಲೆ ತೊರೆದರೂ ಓಲೆಗರಿಯ ಕಟ್ಟನ್ನು ಕೈಬಿಡದ ಶರಣರ ಧೀರ ಸಂಕಲ್ಪವಿದೆ.