ಹನಿಗೂಡಿದ ವಿಷ

ವಿದ್ಯಾರ್ಥಿಗಳೇ, ‘ಹನಿ ಹನಿ ಗೂಡಿದರೆ ಹಳ್ಳ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಉಳಿತಾಯದ ಮಾತು ಬಂದಾಗ ಹಿರಿಯರು ಇದನ್ನು ಹೇಳುವುದುಂಟು. ಆದರೆ ಹಣದಂತೆಯೇ ವಿಷವೂ ಹನಿಗೂಡಬಲ್ಲುದು. ಅದು ಹೇಗೆಂಬುದನ್ನು ಜಪಾನಿನ ಒಂದು ಊರಿನ ವೃತ್ತಾಂತದಿಂದ ತಿಳಿಯೋಣ.

ಜಪಾನಿನ ದಕ್ಷಿಣಕ್ಕಿರುವ ಕ್ಯೂಶೂ ದ್ವೀಪದಲ್ಲಿ ಮಿನಮಾಟ ಎಂಬ ಊರಿದೆ. ಅಲ್ಲಿಯ ಕೊಲ್ಲಿಯ ನೀರು ಬಹು ಶಾಂತ. ದಡದ ಬೆಸ್ತರಿಗೆ ಮೀನೇ ಜೀವನ, ಮೀನೇ ನಿತ್ಯದ ಆಹಾರ. 1950ರ ದಶಕದಲ್ಲಿ ಅಲ್ಲಿ ವಿಚಿತ್ರಗಳು ಕಾಣಿಸತೊಡಗಿದವು. ಮೀನುಗಳು ಸತ್ತು ತೇಲಿದವು. ಹಕ್ಕಿಗಳು ಹಾರುತ್ತಲೇ ನೆಲಕ್ಕುರುಳಿದವು. ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರ ಏಪ್ರಿಲಿನಲ್ಲಿ ಇನ್ನೂ ಆರು ತುಂಬದ ಬಾಲಕಿಯೊಬ್ಬಳನ್ನು ಆಸ್ಪತ್ರೆಗೆ ಕರೆತಂದರು. ಅವಳ ನಡಿಗೆ ತತ್ತರಿಸುತ್ತಿತ್ತು, ಮಾತು ತೊದಲುತ್ತಿತ್ತು. ಕೆಲವೇ ದಿನಗಳಲ್ಲಿ ಅವಳ ತಂಗಿಗೂ ಅದೇ ಗತಿಯಾಯಿತು. ಇದು ಅಂಟುರೋಗವೆಂದು ಬಗೆದು ನೆರೆಯವರು ರೋಗಿಗಳ ಮನೆಗಳಿಂದ ದೂರ ಸರಿದರು. ಆದರೆ ಅಪರಾಧಿ ರೋಗಾಣುವಲ್ಲ. ಅವರು ಉಂಡ ಮೀನಿನಲ್ಲಿದ್ದ ಪಾದರಸದ ವಿಷ.

ಈ ವಿಷ ಬಂದುದೆಲ್ಲಿಂದ? ಊರಿನಲ್ಲಿದ್ದ ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆಯಲ್ಲಿ ಅಸಿಟಾಲ್ಡಿಹೈಡ್ ತಯಾರಿಸಲು ಪಾದರಸವನ್ನು ಬಳಸುತ್ತಿದ್ದರು. ಆ ಕ್ರಿಯೆಯಲ್ಲಿ ಹುಟ್ಟಿದ ಮೀಥೈಲ್ ಪಾದರಸವು 1932ರಿಂದ 1968ರವರೆಗೆ ಹೊಲಸು ನೀರಿನೊಡನೆ ಕಡಲನ್ನು ಸೇರಿತು.

ಅಷ್ಟು ದೊಡ್ಡ ಕಡಲಿನಲ್ಲಿ ವಿಷವು ಕರಗಿ ತೆಳುವಾಗಬೇಕಲ್ಲವೆ? ನೀರಿನಲ್ಲಿ ತೆಳುವಾಗುವುದು ನಿಜ. ಆದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ಅದನ್ನು ಹೀರುತ್ತವೆ. ಪಾಚಿಯನ್ನು ಕಿರುಜೀವಿಗಳು, ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತವೆ. ಇದೇ ಆಹಾರ ಸರಪಳಿ. ತಿಂದ ಆಹಾರವು ಬಹುಪಾಲು ಶಕ್ತಿಯಾಗಿ ವ್ಯಯವಾಗುತ್ತದೆ. ಈ ವಿಷವಾದರೋ ಮಾಂಸಕ್ಕೆ ಅಂಟಿಕೊಂಡು ಬಹು ನಿಧಾನವಾಗಿ ಹೊರಹೋಗುತ್ತದೆ. ಲೆಕ್ಕಕ್ಕಾಗಿ, ಒಂದು ಕಿರುಜೀವಿಯಲ್ಲಿ ಒಂದು ಪಾಲು ವಿಷವಿದೆಯೆನ್ನಿ. ಅಂತಹ ನೂರನ್ನು ನುಂಗಿದ ಸಣ್ಣ ಮೀನಿನಲ್ಲಿ ನೂರು ಪಾಲು. ಅಂತಹ ನೂರು ಮೀನುಗಳನ್ನು ನುಂಗಿದ ದೊಡ್ಡ ಮೀನಿನಲ್ಲಿ ಹತ್ತು ಸಾವಿರ ಪಾಲು! ಸ್ವಲ್ಪಾಂಶ ಹೊರಹೋದರೂ ಮೆಟ್ಟಿಲು ಮೆಟ್ಟಿಲಿಗೆ ವಿಷ ಏರುವುದು ತಪ್ಪದು. ಆ ಮೆಟ್ಟಿಲ ತುದಿಯಲ್ಲಿ ನಿಂತವರು ಹಕ್ಕಿ, ಬೆಕ್ಕು ಮತ್ತು ಮನುಷ್ಯ.

ಹೊಟ್ಟೆಯೊಳಗಿನ ಮಗುವಿಗೆ ವಿಷ ತಾಗದಂತೆ ತಾಯಿಯ ಮಾಸು ಕಾಯುವುದೆಂದು ಅಂದಿನ ವೈದ್ಯರು ನಂಬಿದ್ದರು. ಮಿನಮಾಟದಲ್ಲಿ ಆ ನಂಬಿಕೆ ಸುಳ್ಳಾಯಿತು. ಆರೋಗ್ಯವಂತರಂತೆ ಕಂಡ ತಾಯಂದಿರ ಮಕ್ಕಳು ಹುಟ್ಟುವಾಗಲೇ ರೋಗಿಗಳಾಗಿದ್ದರು.

1959ರಲ್ಲಿ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಾಜಿಮೆ ಅವರು ಹೊಲಸು ನೀರನ್ನು ಬೆಕ್ಕಿನ ಆಹಾರಕ್ಕೆ ಬೆರೆಸಿ ಪರೀಕ್ಷಿಸಿದರು. ಬೆಕ್ಕಿಗೆ ಅದೇ ರೋಗ ತಗುಲಿತು. ಆದರೆ ಕಾರ್ಖಾನೆಯು ಈ ಸತ್ಯವನ್ನು ಮುಚ್ಚಿಟ್ಟಿತು. ಸರಕಾರವು ಕಾರಣವನ್ನು ಒಪ್ಪಿ ಸಾರಿದ್ದು 1968ರಲ್ಲಿ. ಅಷ್ಟರಲ್ಲಿ ಒಂಬತ್ತು ವರ್ಷ ಸಂದಿದ್ದವು. 2,200ಕ್ಕೂ ಹೆಚ್ಚು ಜನರನ್ನು ಈ ರೋಗಿಗಳೆಂದು ಅಧಿಕೃತವಾಗಿ ಗುರುತಿಸಲಾಗಿದೆ. ಪಾದರಸವನ್ನು ಹತೋಟಿಯಲ್ಲಿಡಲು 2013ರಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಇಟ್ಟರು. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು.

ಮಕ್ಕಳೇ, ನಮ್ಮ ಮುಂಬಯಿಯ ಮೋರಿಗಳೂ ಕೊನೆಗೆ ಸೇರುವುದು ಕಡಲನ್ನೇ. ಅದೇ ಕಡಲಿನಲ್ಲಿ ಬೆಸ್ತರು ಬಲೆ ಬೀಸುತ್ತಾರೆ. ಪಾದರಸವು ಕೆಸರಿಗೆ ಬಿದ್ದರೆ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನೂ ಮೀಥೈಲ್ ಪಾದರಸವಾಗಿ ಮಾರ್ಪಡಿಸಬಲ್ಲವು. ಆದುದರಿಂದ ಪ್ರಯೋಗಶಾಲೆಯಲ್ಲಿ ಉಷ್ಣಮಾಪಕ ಒಡೆದರೆ ಅದನ್ನು ಮುಟ್ಟದೆ, ಮೋರಿಗೆ ಸುರಿಯದೆ, ಕೂಡಲೇ ಉಪಾಧ್ಯಾಯರಿಗೆ ತಿಳಿಸಿರಿ. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಮುಚ್ಚಿಟ್ಟುದರಿಂದ ಏನಾಯಿತೆಂಬುದನ್ನು ಮಿನಮಾಟದ ಮಕ್ಕಳು ನಮಗೆ ತೋರಿಸಿದ್ದಾರೆ.